ಹಿಮಶಿಖರಗಳ ಮುಂದೆ ನಾಲ್ವರು

ಹಾಸ್ಟೆಲಿನ ದಿನಗಳಲ್ಲಿ ನನ್ನ ಪಕ್ಕದ ಕೋಣೆಯವನ ಬಳಿ ಅಬ್ಬಾ ತಂಡದ ಒಂದು ಕ್ಯಾಸೆಟ್ ಇತ್ತು. ಟೇಪು ಸಿಕ್ಕಿಕೊಂಡಾಗಲೆಲ್ಲ ಪೆನ್ಸಿಲ್ ತೂರಿಸಿ ಸುತ್ತಿ ಮತ್ತೆ ಹಾಕುತ್ತಿದ್ದ. ಪದಗಳು ಅರ್ಧಂಬರ್ಧ ತಿಳಿಯುತ್ತಿದ್ದವು. ಆದರೆ ಎರಡು ಹೆಣ್ಣುದನಿಗಳು ಸೇರಿ ಹತ್ತು ದನಿಗಳಂತೆ ಕೇಳಿಸುವುದು ಹೇಗೆಂಬ ಬೆರಗು ಮಾತ್ರ ನನ್ನಲ್ಲಿ ಉಳಿದುಬಿಟ್ಟಿತು. ಗುಟ್ಟು ತಿಳಿದದ್ದು ಬಹಳ ವರ್ಷಗಳ ಮೇಲೆ. ಮೈಕೇಲ್ ಟ್ರೆಟೋ ಎಂಬ ಧ್ವನಿ ಎಂಜಿನಿಯರು ಸ್ಟುಡಿಯೋದಲ್ಲಿ ವಾದ್ಯವನ್ನೂ ದನಿಯನ್ನೂ ಮತ್ತೆ ಮತ್ತೆ ಮುದ್ರಿಸಿ, ಕೆಲವೊಮ್ಮೆ ಟೇಪಿನ ವೇಗವನ್ನು ಕೂದಲೆಳೆಯಷ್ಟು ಬದಲಿಸಿ, ಪದರದ ಮೇಲೆ ಪದರ ಕೂರಿಸುತ್ತಿದ್ದರಂತೆ. ಹೀಗೆ ಕಟ್ಟಿದ ನಾದವನ್ನು ಹೊತ್ತುಕೊಂಡು ಊರೂರು ಅಲೆಯುವುದು ಸುಲಭವಲ್ಲ. ಅಬ್ಬಾದವರು ಜಗತ್ತನ್ನೇ ಗೆದ್ದರೂ ತಿರುಗಾಡಿದ್ದು ಕಡಿಮೆ.

ಮೊದಲ ಅನುಭವವೂ ಸಿಹಿಯಾಗಿರಲಿಲ್ಲ. 1974ರ ಏಪ್ರಿಲ್‌ನಲ್ಲಿ ಬ್ರೈಟನ್ನಿನ ಯೂರೋವಿಷನ್ ಸ್ಪರ್ಧೆಯನ್ನು 'ವಾಟರ್‌ಲೂ' ಹಾಡಿನಿಂದ ಗೆದ್ದವರು, ಅದೇ ವರ್ಷದ ನವೆಂಬರಿನಲ್ಲಿ ಡೆನ್ಮಾರ್ಕ್, ಪಶ್ಚಿಮ ಜರ್ಮನಿ, ಆಸ್ಟ್ರಿಯಾಗಳಿಗೆ ಹೊರಟರೆ ಹಲವು ಸಭಾಂಗಣಗಳಲ್ಲಿ ಖಾಲಿ ಕುರ್ಚಿಗಳೇ ಎದುರುಗೊಂಡವು. ಕಾಲ ಎಷ್ಟು ಬೇಗ ಬದಲಾಯಿತು ನೋಡಿ. 1977ರ ಫೆಬ್ರವರಿ 14ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ಎರಡು ಪ್ರದರ್ಶನಗಳಿಗೆ ಅಂಚೆಯಲ್ಲಿ 35 ಲಕ್ಷ ಟಿಕೆಟ್ಟುಗಳ ಬೇಡಿಕೆ ಬಂದಿತ್ತೆಂದು ಪತ್ರಿಕೆಗಳು ಬರೆದವು. ಲೆಕ್ಕ ಸ್ವಲ್ಪ ಉಬ್ಬಿದ್ದರೂ ಇರಬಹುದು. ಅಂಥ ಲೆಕ್ಕಗಳ ಸ್ವಭಾವವೇ ಅದು.

ನನ್ನ ಮನಸ್ಸು ನಿಲ್ಲುವುದು ಮಾತ್ರ 1979ರ ಪ್ರವಾಸದಲ್ಲಿ. ಆ ಜನವರಿಯಲ್ಲಿ ಅಗ್ನೆತಾ ಫಾಲ್ಟ್‌ಸ್ಕೋಗ್ ಮತ್ತು ಬ್ಯೋರ್ನ್ ಉಲ್ವೇಯಸ್ ದಂಪತಿಗಳು ತಾವು ಬೇರೆಯಾಗುತ್ತಿರುವುದಾಗಿ ಪ್ರಕಟಿಸಿದ್ದರು. ಇನ್ನಿಬ್ಬರು, ಬೆನ್ನಿ ಆಂಡರ್ಸನ್ ಮತ್ತು ಫ್ರಿಡಾ, ಹಿಂದಿನ ಅಕ್ಟೋಬರಿನಲ್ಲಷ್ಟೇ ಮದುವೆಯಾಗಿದ್ದರು. ಒಂದು ಜೋಡಿ ಕೂಡಿದ ಹೊತ್ತಿಗೆ ಇನ್ನೊಂದು ಒಡೆದಿತ್ತು. ಬೇರೆಯಾದವರು ಒಬ್ಬರ ಮುಖ ಒಬ್ಬರು ನೋಡದಿರುವುದು ಲೋಕದ ರೂಢಿ. ಇವರಾದರೋ ದಿನವೂ ಸಾವಿರಾರು ಜನರೆದುರು ಒಂದೇ ವೇದಿಕೆಯ ಮೇಲೆ ನಗುನಗುತ್ತ ಹಾಡಬೇಕು.

ಸೆಪ್ಟೆಂಬರ್ 13ರಂದು ಕೆನಡಾದ ಎಡ್ಮಂಟನ್ನಿನಲ್ಲಿ ಆರಂಭವಾಯಿತು. ಅಕ್ಟೋಬರಿನಲ್ಲಿ ನ್ಯೂಯಾರ್ಕಿನಿಂದ ಬಾಸ್ಟನ್ನಿಗೆ ಹೋಗುತ್ತಿದ್ದ ಅವರ ಪುಟ್ಟ ವಿಮಾನ ಬಿರುಗಾಳಿಗೆ ಸಿಕ್ಕಿ, ಇಳಿಯಲಾಗದೆ, ಇಂಧನ ತೀರುತ್ತ ಬಂದ ಹೊತ್ತಿಗೆ ಹೇಗೋ ನೆಲ ಮುಟ್ಟಿತು. ಮೊದಲೇ ಹಾರಾಟಕ್ಕೆ ಹೆದರುತ್ತಿದ್ದ ಅಗ್ನೆತಾರಿಗೆ ಆಮೇಲೆ ಮೈಗೆ ಹುಷಾರಿಲ್ಲದೆ ವಾಷಿಂಗ್ಟನ್ನಿನ ಕಾರ್ಯಕ್ರಮವೇ ರದ್ದಾಯಿತು.

ಅಕ್ಟೋಬರ್ 19ರಂದು ಸ್ವೀಡನ್ನಿನ ಗೋಥೆನ್‌ಬರ್ಗಿನಿಂದ ಯೂರೋಪಿನ ಸುತ್ತು. ಸ್ಟಾಕ್‌ಹೋಮ್, ಕೋಪನ್‌ಹೇಗನ್, ಪ್ಯಾರಿಸ್, ರಾಟರ್‌ಡ್ಯಾಮ್, ಜರ್ಮನಿಯ ಹಲವು ಊರುಗಳು, ವಿಯೆನ್ನಾ, ಬ್ರಸೆಲ್ಸ್: ಬಹುಮಟ್ಟಿಗೆ ದಿನಕ್ಕೊಂದು ಊರು. ಕ್ಯಾಂಪ್ ಹಾಕಿದರೆ ತಿಂಗಳುಗಟ್ಟಲೆ ನಿಲ್ಲುತ್ತಿದ್ದ ನಮ್ಮ ನಾಟಕ ಕಂಪೆನಿಗಳವರು ಇದನ್ನು ನೋಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ರಂಗದ ಹಿಂದೆ ನೀಲಿ-ಬಿಳಿಯ ಚೂಪು ಹಿಮಶಿಖರಗಳು. ಅದೇ ಬಣ್ಣಗಳ ಉಡುಪು. ಸ್ಟುಡಿಯೋದ ಪದರಗಳನ್ನು ತುಂಬಲು ಹೆಚ್ಚುವರಿ ವಾದ್ಯಗಾರರು, ಸಹಗಾಯಕರು. 'ಐ ಹ್ಯಾವ್ ಎ ಡ್ರೀಮ್' ಹಾಡಿಗೆ ಆಯಾ ಊರಿನ ಮಕ್ಕಳ ಮೇಳವೊಂದು ವೇದಿಕೆಗೆ ಬರುತ್ತಿತ್ತು. ಪ್ರೇಕ್ಷಕರಿಗೆ ಅದು ಮುದ್ದು ದೃಶ್ಯ. ಆದರೆ ಅಗ್ನೆತಾ-ಬ್ಯೋರ್ನ್‌ರ ಮಗಳಿಗೆ ಆಗ ಆರು ವರ್ಷ, ಮಗನಿಗೆ ಇನ್ನೂ ಎರಡು ತುಂಬಿರಲಿಲ್ಲ. ಮಕ್ಕಳನ್ನು ಬಿಟ್ಟು ಹೊರಡುವ ಸಂಕಟವನ್ನು ಆಕೆ ಮುಂದೆ ಬಾಯಿಬಿಟ್ಟೇ ಹೇಳಿಕೊಂಡರು. ಪ್ರತಿ ಸಂಜೆ ಯಾರದೋ ಮಕ್ಕಳ ನಡುವೆ ನಿಂತು ಹಾಡುವಾಗ ಆ ತಾಯಿಗೆ ಏನನ್ನಿಸುತ್ತಿತ್ತೋ.

ನವೆಂಬರ್ 5ರಿಂದ 10ರವರೆಗೆ ಲಂಡನ್ನಿನ ವೆಂಬ್ಲಿ ಅರೀನಾದಲ್ಲಿ ಸತತ ಆರು ರಾತ್ರಿ. 1934ರಲ್ಲಿ ಕ್ರೀಡಾಕೂಟವೊಂದಕ್ಕಾಗಿ ಈಜುಕೊಳವೆಂದು ಕಟ್ಟಿದ ಕಟ್ಟಡವದು! ಆಗಿನ ಧ್ವನಿಮುದ್ರಣ ಪೂರ್ಣ ಕಛೇರಿಯಾಗಿ ಹೊರಬಂದದ್ದು 2014ರಲ್ಲಿ. ಅದನ್ನು ಕೇಳುತ್ತಿದ್ದಾಗ, ಅಬ್ಬರದ ನಡುವೆ, ಅಗ್ನೆತಾ ಪಿಯಾನೋ ನುಡಿಸುತ್ತ ಹಾಡಿದ 'ಐ ಆಮ್ ಸ್ಟಿಲ್ ಅಲೈವ್' ಬಂತು. 'ನಾನಿನ್ನೂ ಬದುಕಿದ್ದೇನೆ' ಎಂಬುದು ಹೆಸರಿನ ಅರ್ಥ. ರಾಗ ಆಕೆಯದೇ. ಸಾಹಿತ್ಯ ಬರೆದವರು ಬೇರೆಯಾದ ಗಂಡ ಬ್ಯೋರ್ನ್. ಸ್ಟುಡಿಯೋದಲ್ಲಿ ಅದನ್ನು ತಂಡ ಎಂದೂ ಮುದ್ರಿಸಲಿಲ್ಲ. ಪದರಗಳಿಲ್ಲದ ಒಂಟಿ ದನಿ. ನಾನು ಅಂದು ಅದನ್ನು ಮೂರು ಸಲ ಹಾಕಿ ಕೇಳಿದೆ.

ನವೆಂಬರ್ 15ರಂದು ಡಬ್ಲಿನ್ನಿನಲ್ಲಿ ಯೂರೋಪಿನ ಸುತ್ತು ಮುಗಿಯಿತು. 1980ರ ಮಾರ್ಚಿನಲ್ಲಿ ಜಪಾನಿಗೆ ಹೋಗಿಬಂದರು. ಅಲ್ಲಿಗೆ ಪ್ರವಾಸಗಳೇ ಮುಗಿದವು. 1981ರಲ್ಲಿ ಬೆನ್ನಿ-ಫ್ರಿಡಾ ಕೂಡ ಬೇರೆಯಾದರು. 2000ದಲ್ಲಿ, ಮತ್ತೆ ಒಂದಾಗಿ ನೂರು ಕಛೇರಿ ಕೊಟ್ಟರೆ ನೂರು ಕೋಟಿ ಡಾಲರ್ ಎಂಬ ಆಹ್ವಾನವನ್ನು ನಾಲ್ವರೂ ನಿರಾಕರಿಸಿದರೆಂದು ಸುದ್ದಿಯಾಯಿತು. ಕೊನೆಗೆ 2022ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ, ಅದಕ್ಕೆಂದೇ ಕಟ್ಟಿದ ರಂಗಮಂದಿರದಲ್ಲಿ, ಕಂಪ್ಯೂಟರು ಸೃಷ್ಟಿಸಿದ ಅವರ ಆಕೃತಿಗಳು ಹಾಡತೊಡಗಿದವು. ಆ ಆಕೃತಿಗಳಿಗೆ ಕೊಟ್ಟದ್ದು 1979ರ ಮುಖಗಳನ್ನು. ಈಗ ವಿಮಾನ ಹತ್ತಬೇಕಾದವರು ಪ್ರೇಕ್ಷಕರು. ಪ್ರದರ್ಶನ ಆರಂಭವಾದಾಗ ಹಾಡುಗಳ ಪಟ್ಟಿಯನ್ನು ತರಿಸಿಕೊಂಡು ನೋಡಿದೆ. ಪಿಯಾನೋ ಮುಂದಿನ ಆ ಹಾಡು ಅದರಲ್ಲಿರಲಿಲ್ಲ.