ರಿಮೋಟ್ ಡೆಸ್ಕ್‌ಟಾಪ್: ಮನೆಯ ಕಂಪ್ಯೂಟರಿಗೆ ದೂರದಿಂದ ಪ್ರವೇಶ

ಮನೆಯ ಕಂಪ್ಯೂಟರನ್ನು ಬೇರೆ ಊರಿನಿಂದ ಇಂಟರ್ನೆಟ್ ಮೂಲಕ ನಡೆಸುವ ವ್ಯವಸ್ಥೆ. ಭದ್ರಾವತಿಯಲ್ಲಿ ಹೆತ್ತವರು ಉಳಿದು, ಮಕ್ಕಳು ಸುಮಾರು 250 ಕಿ.ಮೀ. ದೂರದ ಬೆಂಗಳೂರಿನಲ್ಲಿ ದುಡಿಯುವ ಮನೆಗಳಿಗೆ ಇದು ನಿಜಕ್ಕೂ ಬೇಕಾದ ಅನುಕೂಲ. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಈ ಸೌಲಭ್ಯ ಅಡಕವಾಗಿದೆ; ಹೋಮ್ ಆವೃತ್ತಿಯ ಕಂಪ್ಯೂಟರಿಗೆ ಹೀಗೆ ಹೊರಗಿನಿಂದ ಪ್ರವೇಶಿಸಲಾಗದು. ಆದರೆ ಅದಕ್ಕಾಗಿ ರೌಟರಿನಲ್ಲಿ 3389ನೇ ಪೋರ್ಟ್ ತೆರೆದಿಡುವ ಹಳೆಯ ಸಲಹೆಯನ್ನು ಕೈಬಿಡಲೇಬೇಕು. ತೆರೆದ ಪೋರ್ಟುಗಳನ್ನು ಹುಡುಕುವ ತಂತ್ರಾಂಶಗಳು ಹಗಲಿರುಳು ಓಡುತ್ತಿರುತ್ತವೆ. 2019ರಲ್ಲಿ ಬೆಳಕಿಗೆ ಬಂದ ಬ್ಲೂಕೀಪ್ ದೋಷ, ಹಳೆಯ ವಿಂಡೋಸ್‌ಗಳೊಳಗೆ ಪಾಸ್‌ವರ್ಡ್ ಇಲ್ಲದೆಯೇ ನುಗ್ಗಲು ದಾರಿ ಕೊಟ್ಟಿತ್ತು. ಮೇಲಾಗಿ, ಅನೇಕ ಇಂಟರ್ನೆಟ್ ಸೇವಾದಾರರು ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಹಲವು ಮನೆಗಳಿಗೆ ಹಂಚುವುದರಿಂದ, ಪೋರ್ಟ್ ತೆರೆದರೂ ಹೊರಗಿನ ಸಂಪರ್ಕ ಮನೆ ತಲುಪುವುದಿಲ್ಲ.

ಗೂಗಲ್‌ನ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಎರಡೂ ತುದಿಗಳು ತಾವೇ ಹೊರಗಿನ ಸರ್ವರನ್ನು ಸಂಪರ್ಕಿಸುವುದರಿಂದ ಈ ತೊಡಕಿಲ್ಲ. ಪರರ ಸರ್ವರನ್ನು ನಂಬುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಸಂಪರ್ಕ ಗೂಢಲಿಪೀಕರಣಗೊಂಡಿರುತ್ತದೆ, ಪ್ರತ್ಯೇಕ ಪಿನ್ ಕೂಡ ಬೇಕು. ಅಷ್ಟಕ್ಕೂ ಒಪ್ಪದವರಿಗೆ ರಸ್ಟ್‌ಡೆಸ್ಕ್ ಎಂಬ ಇಂಥದೇ ತಂತ್ರಾಂಶದ ಸರ್ವರನ್ನು ಸ್ವತಃ ನಡೆಸುವ ದಾರಿಯಿದೆ. ಕರೆಂಟ್ ಹೋದರೆ ಎಲ್ಲವೂ ವ್ಯರ್ಥವೆನ್ನುವವರು ಕಂಪ್ಯೂಟರಿಗೂ ರೌಟರಿಗೂ ಯುಪಿಎಸ್ ಕೊಟ್ಟು, ವಿದ್ಯುತ್ ಮರಳಿದಾಗ ತಾನೇ ಚಾಲೂ ಆಗುವಂತೆ ಬಯೋಸ್‌ನಲ್ಲಿ ಹೊಂದಿಸಬಹುದು. ದೊಡ್ಡ ಅಪಾಯ ಬೇರೆಡೆ ಇದೆ: ಬ್ಯಾಂಕಿನವರೆಂದು ಫೋನ್ ಮಾಡಿ ಎನಿಡೆಸ್ಕ್ ಎಂಬ ದೂರನಿಯಂತ್ರಣ ಆ್ಯಪ್ ಹಾಕಿಸಿ ಹಣ ದೋಚುವವರ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಆದ್ದರಿಂದ ಮಕ್ಕಳೇ ಬಂದಾಗ ಕೂತು ಹೊಂದಿಸಿ, ಫೋನಿನಲ್ಲಿ ಯಾರು ಕೇಳಿದರೂ ಸಂಕೇತ ಸಂಖ್ಯೆ ಹೇಳಬಾರದೆಂದು ಹಿರಿಯರಿಗೆ ಮನದಟ್ಟು ಮಾಡಬೇಕು.