ಸಿಳ್ಳಾರದ ಕುಲನಿರ್ಣಯ: ದನಿ, ದೇಹ ಮತ್ತು ವಂಶ

ಜನಪದರ ಪಕ್ಷಿವಿಂಗಡಣೆ ಕಣ್ಣು ಕಿವಿಗಳಿಗೆ ಸೀಮಿತವಾದ ಸ್ಥೂಲ ತಿಳಿವಳಿಕೆ, ವಿಜ್ಞಾನದ ವರ್ಗೀಕರಣ ಮಾತ್ರ ಸ್ಥಿರವಾದುದು ಎಂಬ ಗ್ರಹಿಕೆ ನಮ್ಮ ಜಾನಪದ ಅಧ್ಯಯನಗಳಲ್ಲಿ ಇನ್ನೂ ಉಳಿದಿದೆ. ಸಹ್ಯಾದ್ರಿಯ ಹಳ್ಳಗಳ ಬದಿಯಲ್ಲಿ ನಸುಕಿಗೇ ಮನುಷ್ಯರಂತೆ ಸಿಳ್ಳು ಹಾಕುವ ಸಿಳ್ಳಾರದ ಶಾಸ್ತ್ರೀಯ ಚರಿತ್ರೆಯನ್ನು ಪರಿಶೀಲಿಸಿದರೆ ಈ ಗ್ರಹಿಕೆ ಸಡಿಲಗೊಳ್ಳುತ್ತದೆ.

ಲೈಡನ್ ವಸ್ತುಸಂಗ್ರಹಾಲಯದ ನಿರ್ದೇಶಕನಾಗಿದ್ದ ಟೆಮ್ಮಿಂಕ್ 1822ರಲ್ಲಿ ಈ ಹಕ್ಕಿಗಳ ಕುಲಕ್ಕೆ 'ಮೈಯೊಫೋನಸ್' ಎಂದು ಹೆಸರಿಟ್ಟನು. ಕಿವಿಗೆ ಇದು ದನಿಯನ್ನು ಸೂಚಿಸುವಂತೆ ಕೇಳಿಸುತ್ತದೆ. ಆದರೆ ಇದರ ಗ್ರೀಕ್ ಮೂಲದ ಅರ್ಥ 'ನೊಣಗಳನ್ನು ಕೊಲ್ಲುವುದು'. ಏಡಿ, ಬಸವನಹುಳು, ಕೀಟಗಳನ್ನು ತಿನ್ನುವ ಹಕ್ಕಿಗೆ ಇದು ಅಷ್ಟೇನೂ ಒಪ್ಪುವ ಹೆಸರಲ್ಲ. ನಮ್ಮ ಘಟ್ಟಗಳ ಪ್ರಭೇದವನ್ನು 1831ರಲ್ಲಿ ವಿಗರ್ಸ್ ವರ್ಣಿಸಿ, ಅದಕ್ಕೆ ಜಾವಾದಲ್ಲಿ ಸಂಶೋಧನೆ ನಡೆಸಿದ್ದ ಥಾಮಸ್ ಹಾರ್ಸ್‌ಫೀಲ್ಡನ ಹೆಸರಿತ್ತನು. ಹಕ್ಕಿಯ ಸಿಳ್ಳಿಗೆ ಶಾಸ್ತ್ರನಾಮದಲ್ಲಿ ಎಲ್ಲಿಯೂ ಎಡೆಯಿಲ್ಲ. ಕನ್ನಡವಾದರೋ ಕುಟ್ರುಹಕ್ಕಿಯನ್ನು ಹೆಸರಿಸಿದಂತೆ ಇದನ್ನೂ ದನಿಯಿಂದಲೇ ಗುರುತಿಸಿತು.

ದೇಹದ ಗಾತ್ರ, ಬಲವಾದ ಕಾಲುಗಳು, ನೆಲದ ಮೇಲೆ ಆಹಾರ ಹುಡುಕುವ ಕ್ರಮ ಮುಂತಾದ ಲಕ್ಷಣಗಳಿಂದ ಈ ಕುಲವನ್ನು ಥ್ರಷ್ ಹಕ್ಕಿಗಳೊಂದಿಗೆ ಸೇರಿಸುವ ರೂಢಿ ಬೆಳೆಯಿತು. ಸಲೀಂ ಅಲಿ ಮತ್ತು ರಿಪ್ಲಿ ಅವರ ಹತ್ತು ಸಂಪುಟಗಳ ಕೈಪಿಡಿಯಲ್ಲಿ (1968–74) ಥ್ರಷ್‌ಗಳೂ ನೊಣಹಿಡುಕಗಳೂ ಒಂದೇ ವಿಶಾಲ ಕುಟುಂಬದ ಉಪಕುಟುಂಬಗಳಾಗಿದ್ದವು. ಇವೆರಡನ್ನು ಬೇರೆ ಕುಟುಂಬಗಳಾಗಿ ಎಣಿಸಿದವರು ಸಿಳ್ಳಾರವನ್ನು ಥ್ರಷ್‌ಗಳ ಕಡೆಗೇ ಇರಿಸಿದರು. 2010ರಲ್ಲಿ ಸಾಂಗ್ಸ್ಟರ್ ಮತ್ತು ಸಂಗಡಿಗರು, ಅಂತೆಯೇ ಜುಕ್ಕೋನ್ ಮತ್ತು ಎರಿಕ್ಸನ್, ಡಿ.ಎನ್.ಎ. ಆಧಾರದಿಂದ ನಡೆಸಿದ ಅಧ್ಯಯನಗಳು ಈ ವ್ಯವಸ್ಥೆಯನ್ನು ಕದಲಿಸಿದವು. ಮೈಯೊಫೋನಸ್ ಕುಲವೂ ಬಂಡೆಗಳ ಮೇಲೆ ವಾಸಿಸುವ ಮಾಂಟಿಕೋಲಾ ಕುಲವೂ ನೊಣಹಿಡುಕಗಳ ವಂಶಕ್ಕೆ ಸೇರಿದವೆಂದು ನಿರ್ಣಯವಾಯಿತು. ಕಿತ್ತಳೆ ತಲೆಯ ಥ್ರಷ್ ಮಾತ್ರ ಹಳೆಯ ಕುಟುಂಬದಲ್ಲಿಯೇ ಉಳಿಯಿತು. ಟೆಮ್ಮಿಂಕನ 'ನೊಣ' ಹೀಗೆ ಆಕಸ್ಮಿಕವಾಗಿ ಸಾರ್ಥಕವಾಯಿತೆನ್ನಬಹುದು!

ಎರಡು ಕುಟುಂಬಗಳ ಹಕ್ಕಿಗಳನ್ನು 'ಸಿಳ್ಳಾರ' ಎಂಬ ಒಂದೇ ಪದದಿಂದ ಕರೆದುದು ಕನ್ನಡದ ದೋಷವೆಂದರೆ, ಅದೇ ದೋಷ ಸುಮಾರು ಒಂದೂವರೆ ಶತಮಾನ ಕಾಲ ಯುರೋಪಿನ ಸಂಗ್ರಹಾಲಯಗಳಲ್ಲಿಯೂ ಇತ್ತೆಂದು ಒಪ್ಪಬೇಕು. ಆದರೆ ಜನಪದರಿಗೆ ವಂಶಸತ್ಯ ಮೊದಲೇ ತಿಳಿದಿತ್ತೆಂಬ ವಾದಕ್ಕೂ ಆಧಾರವಿಲ್ಲ. ಅಂಥ ಉತ್ಸಾಹ ಇತ್ತೀಚೆಗೆ ಹೆಚ್ಚಾಗುತ್ತಿದೆ. ವಂಶಾವಳಿಯನ್ನು ನಿರ್ಣಯಿಸುವುದು ಜನಪದ ಹೆಸರಿನ ಕಾರ್ಯವೇ ಅಲ್ಲ. ದಟ್ಟಕಾಡಿನಲ್ಲಿ ಕಣ್ಣಿಗೆ ಬೀಳದ ಹಕ್ಕಿಯನ್ನು ದನಿಯಿಂದ ಗುರುತಿಸುವುದು ಅದರ ಕಾರ್ಯ. ಆದುದರಿಂದ ನಮ್ಮ ಪದಕೋಶಗಳಲ್ಲಿ ಸಿಳ್ಳಾರದ ಎದುರು ಕೇವಲ ಶಾಸ್ತ್ರನಾಮವನ್ನು ಬರೆದರೆ ಸಾಲದು. ಹೆಸರು ದೊರೆತ ಊರು, ಹೇಳಿದವರ ಕಸುಬು, ಅವರು ಅನುಕರಿಸಿದ ದನಿ ಇವೂ ದಾಖಲಾಗಬೇಕು.

ಶಾಸ್ತ್ರದೊಳಗೂ ಎಣಿಕೆ ಮುಗಿದಿಲ್ಲ. ಒಂದೇ ಪ್ರಭೇದವೆನಿಸಿದ್ದ ಜಾವಾ, ಬೋರ್ನಿಯೊ ಮತ್ತು ಸುಮಾತ್ರದ ಕೆಲವು ಸಿಳ್ಳಾರಗಳನ್ನು ಮೂರಾಗಿ ಒಡೆದ ಪಟ್ಟಿಗಳಲ್ಲಿ ಈ ಕುಲದ ಪ್ರಭೇದಗಳು 9. ಇಂಗ್ಲಿಷಿನಲ್ಲಿ ಅವೆಲ್ಲವೂ ಇಂದಿಗೂ ಥ್ರಷ್‌ಗಳೇ.