ಬೇಸ್‌ಬಾಲ್ ಪುರಾಣ, ಕಂತು 4: ಮೂರು ಜಾಗಕ್ಕೂ ಸಲ್ಲುವವನು

ಹೋದ ಕಂತು ಓದಿ ಚಿಕ್ಕಪ್ಪ ಕೇಳಿದ್ರು, "ಫೀಲ್ಡರ್ ಎಲ್ಲಿ ನಿಂತರೇನಮ್ಮ, ಚೆಂಡು ಹಿಡಿದರೆ ಆಯ್ತಲ್ಲ?"

ಹಾಗಲ್ಲ ಚಿಕ್ಕಪ್ಪ. ಮೂರನೇ ಬೇಸ್ ಹತ್ತಿರ ಚೆಂಡು ಸಿಲ್ಲಿ ಪಾಯಿಂಟ್‌ಗೆ ಬಂದ ಹಾಗೆ ಬರುತ್ತೆ, ಯೋಚಿಸೋಕೆ ಸಮಯವಿಲ್ಲ. ಎರಡನೇ ಬೇಸ್‌ನವನು ಕಾಲಿಗೇ ನುಗ್ಗಿ ಬರುವ ಓಟಗಾರನನ್ನು ತಪ್ಪಿಸಿಕೊಂಡು ಒಂದನೇ ಬೇಸ್‌ಗೆ ಎಸೆಯಬೇಕು. ಈ ಎರಡರ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ಗೆ ಓಟವೂ ಬೇಕು, ದೂರದ ಎಸೆತವೂ ಬೇಕು.

ಮೂರನ್ನೂ ಬಲ್ಲವನು ನ್ಯೂಯಾರ್ಕ್ ಯಾಂಕೀಸ್‌ನ ಗಿಲ್ ಮ್ಯಾಕ್‌ಡೂಗಲ್. 1951ರಲ್ಲಿ, ಮೊದಲ ವರ್ಷವೇ, ಮೂರನೇ ಮತ್ತು ಎರಡನೇ ಬೇಸ್ ಎರಡರಲ್ಲೂ ಆಡಿ ಅಮೆರಿಕನ್ ಲೀಗ್‌ನ ಶ್ರೇಷ್ಠ ಹೊಸ ಆಟಗಾರನಾದ. 1954ರಲ್ಲಿ ಎರಡನೇ ಬೇಸ್‌ಗೇ ಹೋದ. ಫಿಲ್ ರಿಝುಟೊಗೆ ವಯಸ್ಸಾದಾಗ, 1956ರಲ್ಲಿ, ಶಾರ್ಟ್‌ಸ್ಟಾಪ್ ಆದ. ಮ್ಯಾನೇಜರ್ ಕೇಸಿ ಸ್ಟೆಂಗಲ್‌ಗೆ ಎದುರಿನ ಪಿಚರ್ ನೋಡಿ ತಂಡ ಬದಲಿಸುವ ಚಟ. ಇಂಥವನೊಬ್ಬನಿದ್ದರೆ ಯಾರನ್ನು ಕೂರಿಸಿದರೂ ಜಾಗ ಖಾಲಿ ಬೀಳಲ್ಲ. ನಮ್ಮಲ್ಲಿ ಫ್ಲೋಟ್ ನರ್ಸ್ ಅಂತೀವಲ್ಲ, ಯಾವ ವಾರ್ಡಲ್ಲಿ ಜನ ಕಮ್ಮಿಯೋ ಅಲ್ಲಿಗೆ ಅವಳು, ಹಾಗೆ. ಅವನಾಡಿದ 10 ವರ್ಷದಲ್ಲಿ ಯಾಂಕೀಸ್ 8 ಸಲ ಲೀಗ್ ಗೆದ್ದಿತು, 5 ಸಲ ವರ್ಲ್ಡ್ ಸೀರೀಸ್.

ಹಾಲ್ ಆಫ್ ಫೇಮ್‌ನಲ್ಲಿ ಜೊತೆಯವರಾದ ಮ್ಯಾಂಟಲ್, ಬೆರಾ, ರಿಝುಟೊ ಇದ್ದಾರೆ. ಇವನಿಲ್ಲ. ಒಂದೇ ಜಾಗಕ್ಕೆ ಹೆಸರಾಗದವನನ್ನು ಜನ ಬೇಗ ಮರೀತಾರೆ ಅನ್ನೋದು ನನ್ನ ಲೆಕ್ಕ.

ಇನ್ನೊಂದು ಸಂಗತಿ, ನರ್ಸ್ ಬುದ್ಧಿ ಬಿಡಲ್ಲ. 1955ರಲ್ಲಿ ಅಭ್ಯಾಸದ ವೇಳೆ ಜೊತೆಗಾರ ಹೊಡೆದ ಚೆಂಡು ಅವನ ಕಿವಿಯ ಹಿಂದೆ ಬಡಿದಿತ್ತು. ಶಾರ್ಟ್‌ಸ್ಟಾಪ್ ಆಡಿದ್ದು ಅದಾದ ಮೇಲೆ! ಕಾಲಕ್ರಮೇಣ ಕೇಳಿಸುವುದೇ ನಿಂತುಹೋಯ್ತು. 1994ರಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡ ಮೇಲೆ ಮತ್ತೆ ಮಾತು ಕೇಳಿಸಿತು.